ಬ್ರೇಕ್ ಪೈಪಿಗೆ ನಾನು ಹಾಕಿದ ಜಾಯಿಂಟು

ತಪ್ಪು ನನ್ನದು. ಏಳು ವರ್ಷದ ಹಿಂದೆ ಮಿಡಿಗೇಶಿ ದಾಟಿದ ಮೇಲೆ ಸಿಗುವ ಒಂದು ಇಳಿಜಾರಿನಲ್ಲಿ ಮಂಜುನಾಥನ ಕಾರು ಮೋರಿ ಕಟ್ಟೆಗೆ ಗುದ್ದಿ, ಪಕ್ಕದಲ್ಲಿ ಕೂತಿದ್ದ ಅವನ ಅಪ್ಪ ನರಸಪ್ಪನವರ ಮಂಡಿಚಿಪ್ಪು ಒಡೆಯಿತಲ್ಲ — ಅದಕ್ಕೆ ಸಿರಾದ ದಸ್ತಗೀರ್ ಭಾಯ್ ಮಾಡಿದ ಬ್ರೇಕ್ ಕೆಲಸವೇ ಕಾರಣ ಎಂದು ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲ ಕಡೆ ಮಾತಾಯಿತು. ಕಾರಣ ಅವರಲ್ಲ. ಮಧುಗಿರಿಯಲ್ಲಿ ಗ್ಯಾರೇಜ್ ಇಟ್ಟಿರುವ ಗಂಗಾಧರ, ಅಂದರೆ ನಾನು. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ — ಇಲ್ಲ, ಹಾಗೆ ಬರೆದರೂ ಸುಳ್ಳಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ತಪ್ಪಾಗುತ್ತಿತ್ತು. ನಾನು ಬಾಯಿ ತೆರೆದೆ.

ನಾನು ಹತ್ತನೇ ಕ್ಲಾಸು ಪಾಸು ಮಾಡಿದ್ದು ಮೂವತ್ತನಾಲ್ಕನೇ ವಯಸ್ಸಿಗೆ. ಇಷ್ಟು ಉದ್ದದ್ದು ಯಾವತ್ತೂ ಬರೆದವನಲ್ಲ. ಬೇರೆ ಯಾರಿಗಾದರೂ ಹೇಳಿ ಬರೆಸಬಹುದಿತ್ತು. ಆದರೆ ಬೇರೆಯವರು ಬರೆದರೆ ನನ್ನ ಮೇಲೆ ಮರುಕಪಟ್ಟು ಅಲ್ಲಲ್ಲಿ ನಯ ಮಾಡಿಬಿಡುತ್ತಾರೆ. ಅದು ಬೇಡ.

ದಸ್ತಗೀರ್ ಭಾಯ್ ಯಾರೆಂದು ಮೊದಲು ಹೇಳುತ್ತೇನೆ. ಸಿರಾದಲ್ಲಿ ಅವರು ಬ್ರೇಕ್ ಕೆಲಸ ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಎಂಜಿನ್ ತೊಂದರೆ ಎಂದು ಯಾರಾದರೂ ಹೋದರೆ, "ಅದು ನಂದಲ್ಲಪ್ಪ, ಮುಂದಿನ್ ಅಂಗ್ಡಿ" ಎಂದು ಕೈ ತೋರಿಸುತ್ತಿದ್ದರು. ಕೆಲಸ ಮುಗಿದ ಕೂಡಲೇ ಕೀ ಕೊಡುವ ಅಭ್ಯಾಸವೂ ಇರಲಿಲ್ಲ. ಗಾಡಿ ಯಜಮಾನನನ್ನೇ ಸೀಟಿನಲ್ಲಿ ಕೂರಿಸಿ, "ತುಳೀರಿ. ಇನ್ನೊಂದ್ ಕಿತ ತುಳೀರಿ. ಬಾಯ್ಬುಟ್ಟು ಹೇಳಿ, ಸರೀಗೈತಾ?" ಎಂದು ಕೇಳುತ್ತಿದ್ದರು. ಸರೀಗೈತೆ ಎಂದು ಅವನ ಬಾಯಿಂದ ಬಂದ ಮೇಲೆಯೇ ಕೀ. ಅವಸರದವರು ಬೈದುಕೊಳ್ಳುತ್ತಿದ್ದರು. ಭಾಯ್ ನಗುತ್ತಿದ್ದರು, ಕೀ ಮಾತ್ರ ಅವರ ಜೇಬಿನಲ್ಲೇ ಇರುತ್ತಿತ್ತು.

ಇಪ್ಪತ್ತೆರಡನೇ ವಯಸ್ಸಿನಿಂದ ನಾಲ್ಕು ವರ್ಷ ನಾನು ಅವರ ಹತ್ತಿರ ಕೆಲಸ ಮಾಡಿದೆ. ಆಮೇಲೆ ಮಧುಗಿರಿಗೆ ಬಂದು ಸ್ವಂತ ಗ್ಯಾರೇಜ್ ಮಾಡಿಕೊಂಡೆ. ಹೊಸ ಗಾಡಿಗಳು ಬರತೊಡಗಿದವು. ಒಂದೊಂದು ಪಾರ್ಟಿನ ಡಬ್ಬದಲ್ಲೂ ಒಂದೊಂದು ಕಾಗದ, ಎಲ್ಲಾ ಇಂಗ್ಲಿಷು. ಓದಲು ಬರದೆ ಎಷ್ಟೋ ಪಾರ್ಟು ಉಲ್ಟಾ ಹಾಕಿ ಬಿಚ್ಚಿದ್ದೇನೆ. ಅದಕ್ಕೇ ಹತ್ತನೇ ಕ್ಲಾಸಿಗೆ ಖಾಸಗಿಯಾಗಿ ಕಟ್ಟಿದ್ದು. ಪರೀಕ್ಷೆಯ ಆರೂ ದಿನ ದಸ್ತಗೀರ್ ಭಾಯ್ ತಮ್ಮ ಅಂಗಡಿ ಮುಚ್ಚಿ, ಬೆಳಗಿನ ಬಸ್ಸಿಗೆ ಸಿರಾದಿಂದ ಬಂದು ನನ್ನ ಗ್ಯಾರೇಜಿನಲ್ಲಿ ಕೂತರು.

"ಗಿರಾಕಿ ಬಂದು ಬಾಗ್ಲು ಮುಚ್ಚಿರಾದ್ ನೋಡ್ಬಾರ್ದು ಕಣ್ಲಾ. ನೀನ್ ಹೋಗಿ ಬರ್ದು ಬಾ. ಸ್ಪ್ಯಾನರ್ ಸೈಜ್ ದೂರದಿಂದ್ಲೇ ಹೇಳ್ತೀಯ, ಗಣಿತ ಏನ್ ಮಹಾ!"

ಅಂಥ ಮನುಷ್ಯನಿಗೆ ನಾನು ಮಾಡಿದ್ದು ಇದು.

ಮಂಜುನಾಥ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನವನು. ಮನೆಯವರ ಜಮೀನು ಸೋಲಾರ್ ಪಾರ್ಕಿಗೆ ಹೋದ ಮೇಲೆ ಹಳೆಯದೊಂದು ಟರ್ಬೊ ಕಾರು ತಂದಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಒಂದು ದಿನ ಬೆಳಿಗ್ಗೆ ಅಪ್ಪನನ್ನೂ ಕೂರಿಸಿಕೊಂಡು ನನ್ನ ಗ್ಯಾರೇಜಿಗೆ ಬಂದ. ಕೈಯಲ್ಲಿ ಒಂದು ಡಬ್ಬ, ಅದರಲ್ಲಿ ಮಿರಮಿರ ಹೊಳೆಯುವ ವಾಲ್ವು.

"ಅಣ್ಣಾ, ಬೆಂಗ್ಳೂರಾಗೆ ಹಾಕ್ಸಿದ್ ವಾಲ್ವ್ ಸತ್ತೋಗೈತೆ. ಗಾಡಿ ಎಳೀತಿಲ್ಲ, ಸೌಂಡೂ ಇಲ್ಲ. ಇದ್ನ ಹಾಕ್ಕೊಡು."

"ಸೌಂಡ್ ಯಾಕ್ಲಾ ನಿಂಗೆ? ಕಂಪ್ನಿದೇ ಹಾಕುಸ್ಕೊ, ಸುಮ್ಕಿರ್ತೈತೆ."

"ಸುಮ್ಕಿರಾದ್ಕೆ ಟರ್ಬೊ ಯಾಕಣ್ಣ ತಗೀಬೇಕು? ಗೇರ್ ಹಾಕ್ದಾಗ ಪುಸ್ ಅನ್ಬೇಕು. ಮಂಜ ಬಂದ ಅಂತ ಊರಿಗೇ ಗೊತ್ತಾಗ್ಬೇಕು."

ಕಾರಿನೊಳಗಿಂದ ನರಸಪ್ಪನವರು ತಲೆ ಹೊರಗೆ ಹಾಕಿ, ಪಾವಗಡ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಹೇಳಿದರು. "ಮಾ ಇಂಟ್ಲೊ, ನಮ್ಮನೇಲಿರೋ ಎಮ್ಮೇನೂ ಪುಸ್ ಅಂತದಪ್ಪಾ ಗಂಗಾಧರಾ. ಅದ್ಕೆ ಪೆಟ್ರೋಲೂ ಬೇಡ."

ಮೂವರೂ ನಕ್ಕೆವು. ಒಂದು ಗಂಟೆ ಕೆಲಸ, ಟೀ ಕುಡಿದು ಬನ್ನಿ ಎಂದೆ. ಆ 'ಒಂದು ಗಂಟೆ' ಎಂಬ ಮಾತೇ ಮೊದಲ ತಪ್ಪು ಇರಬೇಕು.

ಈ ವಾಲ್ವು ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಫ್ಯಾನು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಒತ್ತಿದ ಗಾಳಿ ಹೋಗಲು ಒಂದು ಬಾಗಿಲು ಬೇಕು. ಆ ಬಾಗಿಲೇ ಬ್ಲೋ ಆಫ್ ವಾಲ್ವ್. ಕಂಪನಿಯಿಂದ ಬಂದದ್ದು ಗಾಳಿಯನ್ನು ಸದ್ದಿಲ್ಲದೆ ವಾಪಸ್ ಒಳಗೇ ಕಳಿಸುತ್ತದೆ. ಹೊರಗಿನಿಂದ ಕೊಂಡು ಹಾಕಿಸುವುದು ಗಾಳಿಯನ್ನು ಹೊರಗೆ ಬಿಡುತ್ತದೆ — ಪುಸ್ ಅನ್ನುವುದು ಅದೇ. ಬಾಗಿಲು ಯಾವಾಗ ತೆರೆಯಬೇಕೆಂದು ಅದಕ್ಕೆ ತಿಳಿಸಲು ಒಂದು ಸಣ್ಣ ರಬ್ಬರ್ ಪೈಪು ಇರುತ್ತದೆ. ಆ ಪೈಪಿನ ಇನ್ನೊಂದು ತುದಿ ಎಂಜಿನ್ನಿನ ಹಿಂಬದಿಯಲ್ಲಿ, ಪ್ಲಾಸ್ಟಿಕ್ಕಿನ ಒಂದು ಮೂತಿಗೆ ಸಿಕ್ಕಿಸಿರುತ್ತದೆ. ಮೂತಿ ಪೆನ್ಸಿಲ್ಲಿನಷ್ಟು ದಪ್ಪ. ಅಲ್ಲಿಗೆ ಕೈ ಹೋಗುವುದಿಲ್ಲ. ಹೋದರೆ ವಾಪಸ್ ಬರುವುದಿಲ್ಲ.

ಹಳೇ ವಾಲ್ವಿನ ಎರಡು ಬೋಲ್ಟು ತುಕ್ಕು ಹಿಡಿದು ಕೂತಿದ್ದವು. ಒಂದು ಬಂತು, ಇನ್ನೊಂದರ ತಲೆ ಉರುಟಾಯಿತು. ಅದನ್ನು ಕೊರೆದು ತೆಗೆಯುವಷ್ಟರಲ್ಲಿ ಒಂದು ಗಂಟೆ ಹೋಯಿತು. ಹೊಸದನ್ನು ಕೂರಿಸಿದರೆ ಅಡಿಯಲ್ಲಿ ಗಾಳಿ ಸೋರಿಕೆ. ಬಿಚ್ಚಿ, ಸಂದು ಮುಚ್ಚುವ ಗ್ಯಾಸ್ಕೆಟ್ ಕತ್ತರಿಸಿ ಹಾಕಿದೆ. ಮತ್ತೂ ಸೋರಿಕೆ. ಮತ್ತೆ ಬಿಚ್ಚಿದೆ. ಬೆರಳ ಗೆಣ್ಣುಗಳೆಲ್ಲ ಸುಲಿದು ರಕ್ತ. ಮಂಜ ಟೀ ಕುಡಿದು, ತಿಂಡಿ ತಿಂದು, ಬೆಟ್ಟದ ಕಡೆ ಹೋಗಿ ಸೆಲ್ಫಿ ತೆಗೆದುಕೊಂಡು ಬಂದು ನಿಂತಿದ್ದ.

"ಒಂದ್ ಗಂಟೆ ಅಂದಿದ್ಯಲ್ಲಣ್ಣ. ಮಧುಗಿರೀಲಿ ಗಂಟೆ ಎಷ್ಟ್ ಉದ್ದ?"

ಸಿಟ್ಟು ಬಂತು. ಅವನ ಮೇಲಲ್ಲ. ಆ ಬೋಲ್ಟಿನ ಮೇಲೆ, ಆ ಗ್ಯಾಸ್ಕೆಟ್ಟಿನ ಮೇಲೆ, ಶಬ್ದಕ್ಕಾಗಿ ಇಷ್ಟೆಲ್ಲ ಮಾಡುವ ನನ್ನ ಕೆಲಸದ ಮೇಲೆ. ಆ ಸಿಟ್ಟಿನಲ್ಲೇ ಹಿಂಬದಿಗೆ ಕೈ ತೂರಿಸಿ ಹಳೇ ರಬ್ಬರ್ ಪೈಪನ್ನು ಜೋರಾಗಿ ಎಳೆದೆ. ಟಕ್ ಅಂತು. ಪೈಪು ಕೈಗೆ ಬಂತು. ಅದರ ತುದಿಯಲ್ಲಿ ಮುರಿದ ಪ್ಲಾಸ್ಟಿಕ್ ಮೂತಿಯೂ ಬಂತು.

ಆಗ ಹೇಳಬೇಕಾಗಿತ್ತು. ಮಂಜ, ಇದು ನನ್ನ ಕೈಯಲ್ಲಿ ಮುರಿಯಿತು, ಪಾರ್ಟು ತರಿಸಬೇಕು, ವಾರ ಆಗುತ್ತದೆ — ಮೂರು ಮಾತು ಸಾಕಿತ್ತು. ಬೈಯುತ್ತಿದ್ದ, ಬಸ್ಸಿಗೆ ಹೋಗುತ್ತಿದ್ದ. ಅಷ್ಟೇ. ಆದರೆ ಬೆಳಿಗ್ಗೆಯಿಂದ ಅವನ ಕಣ್ಣೆದುರಿಗೆ ಒದ್ದಾಡಿದ್ದೆ, ಇನ್ನೊಂದು ಸೋಲನ್ನು ಒಪ್ಪಿಕೊಳ್ಳಲು ಆಗಲಿಲ್ಲ. ಮುರಿದ ತೂತಿಗೆ ಒಂದು ಸ್ಕ್ರೂ ತಿರುಗಿಸಿ, ಮೇಲೆ ಅಂಟು ಮೆತ್ತಿದೆ. ವಾಲ್ವಿನ ಪೈಪಿಗೆ ಬೇರೆ ಜಾಗ ಬೇಕಲ್ಲ. ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಒಂದೇ — ಬ್ರೇಕಿನ ದಪ್ಪ ಪೈಪು.

ಬ್ರೇಕ್ ಪೆಡಲಿನ ಮುಂದೆ ದೊಡ್ಡ ಡಬ್ಬಿಯೊಂದು ಇರುತ್ತದೆ. ಎಂಜಿನ್ ಈ ದಪ್ಪ ಪೈಪಿನಿಂದ ಆ ಡಬ್ಬಿಯ ಗಾಳಿ ಎಳೆದುಕೊಳ್ಳುತ್ತದೆ. ಅದರಿಂದಲೇ ನಮ್ಮ ಕಾಲಿಗೆ ಬಲ ಬಂದು ಪೆಡಲು ಮೆತ್ತಗೆ ಇಳಿಯುವುದು. ಆ ಪೈಪನ್ನು ಮಧ್ಯಕ್ಕೆ ಕತ್ತರಿಸಿದೆ. ಮೂರು ಬಾಯಿಯ ಪ್ಲಾಸ್ಟಿಕ್ ಜಾಯಿಂಟು ಸಿಕ್ಕಿಸಿದೆ. ಮೂರನೇ ಬಾಯಿಗೆ ವಾಲ್ವಿನ ಪೈಪು. ಬಿಗಿಯಲು ಕಬ್ಬಿಣದ ಕ್ಲಿಪ್ಪು ಹುಡುಕಿದೆ, ಆ ಅಳತೆಯದು ಇರಲಿಲ್ಲ. ವೈರು ಕಟ್ಟುವ ಪ್ಲಾಸ್ಟಿಕ್ ಟ್ಯಾಗು ಎಳೆದು ಕಟ್ಟಿದೆ.

ಇನ್ನೊಂದು ಮಾತು ಇದೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ. ವಾಲ್ವಿನ ಡಬ್ಬದಲ್ಲಿ ಕಾಗದ ಇತ್ತು. ಬ್ರೇಕ್ ಪೈಪಿಗೆ ಸೇರಿಸಬಾರದು ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ನಾನು ಓದಿದ್ದೆ. ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಅಂಥ ಕಾಗದ ಓದುವುದಕ್ಕೇ ನಾನು ಆ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದವನು. ಓದಿ, ಮಡಚಿ, ಡಬ್ಬಕ್ಕೇ ಹಾಕಿ ಮುಚ್ಚಿದೆ.

ಮಂಜ ಒಂದು ಸುತ್ತು ಓಡಿಸಿ ಬಂದ. ಪುಸ್ ಅಂತು. "ಸೂಪರ್ ಅಣ್ಣ!" ಎಂದು ನನ್ನ ಭುಜ ತಟ್ಟಿ ಹೋದ.

ಐದನೇ ದಿನ ಅವನ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು ತಂದರು. ಮುಂಭಾಗ ನುಜ್ಜುಗುಜ್ಜಾಗಿತ್ತು. ಹಣೆಗೆ ಬ್ಯಾಂಡೇಜ್ ಹಾಕಿಸಿಕೊಂಡು ಮಂಜ ಜೊತೆಗೇ ಬಂದಿದ್ದ. ನರಸಪ್ಪನವರನ್ನು ಆಸ್ಪತ್ರೆಗೆ ಸೇರಿಸಿದ್ದರು.

"ಇಳ್ಜಾರಾಗೆ ಒಂದ್ ಕಿತ ಬ್ರೇಕ್ ತುಳ್ದೆ, ಹಿಡೀತು. ಇನ್ನೊಂದ್ ಕಿತ ತುಳೀತೀನಿ, ಪೆಡಲ್ ಕಲ್ಲಾಗ್ಬುಟ್ಟೈತೆ. ಎದ್ ನಿಂತ್ಕಂಡ್ ತುಳುದ್ರೂ ಇಳೀಲಿಲ್ಲ ಕಣಣ್ಣ." ಮಂಜ ಹೇಳಿದ.

ಪೆಡಲು ಕಲ್ಲಾಗಿತ್ತು ಎಂದ ಕೂಡಲೇ ನನಗೆ ಗೊತ್ತಾಯಿತು. ಬ್ರೇಕ್ ಕೆಲಸ ಕೆಟ್ಟಿದ್ದರೆ — ಆಯಿಲ್ ಸೋರಿದ್ದರೆ, ಒಳಗೆ ಗಾಳಿ ಸೇರಿದ್ದರೆ — ಪೆಡಲು ತಳಕ್ಕೆ ಹೋಗುತ್ತದೆ. ಕಲ್ಲಿನ ಹಾಗೆ ಗಟ್ಟಿಯಾಗುವುದು ಆ ದಪ್ಪ ಪೈಪು ಬಿಚ್ಚಿಕೊಂಡಾಗ. ಡಬ್ಬಿಯಲ್ಲಿ ಉಳಿದ ಬಲಕ್ಕೆ ಒಂದು ಸಲ ಹಿಡಿಯುತ್ತದೆ, ಆಮೇಲೆ ಇಲ್ಲ. ಯಾವ ಬ್ರೇಕ್ ಮೆಕ್ಯಾನಿಕ್ಕಿಗಾದರೂ ಗೊತ್ತಿರುವ ಮಾತು. ನನಗೆ ಕಲಿಸಿದವರು ದಸ್ತಗೀರ್ ಭಾಯ್.

ಮಂಜ ಆಸ್ಪತ್ರೆಗೆ ಹೋದ. ಬಾನೆಟ್ ಮೀಟಿ ತೆಗೆದೆ. ಗುದ್ದಿದ ಏಟು ಅಲ್ಲಿವರೆಗೆ ಬಂದೇ ಇರಲಿಲ್ಲ. ಎಂಜಿನ್ನಿನ ಬಿಸಿಗೆ ಟ್ಯಾಗು ಮೆತ್ತಗಾಗಿ, ಟರ್ಬೊ ಒತ್ತಿದ ಗಾಳಿಗೆ ಜಾಯಿಂಟು ಕಳಚಿಕೊಂಡು ನೇತಾಡುತ್ತಿತ್ತು.

ಆಮೇಲೆ ಮಾಡಿದ ಕೆಲಸ ನನ್ನ ಜೀವನದಲ್ಲೇ ಅತಿ ಚೊಕ್ಕಟವಾದ ಕೆಲಸ. ಬ್ರೇಕಿಗೆ ಜಾಯಿಂಟಿಲ್ಲದ ಒಂದೇ ತುಂಡಿನ ಹೊಸ ಪೈಪು ಹಾಕಿದೆ. ಸ್ಕ್ರೂ ಹಾಕಿ ಮುಚ್ಚಿದ್ದ ತೂತಿನ ಪಕ್ಕದಲ್ಲೇ ಕೊರೆದು ಹಿತ್ತಾಳೆಯ ಮೂತಿ ಕೂರಿಸಿದೆ. ಹೊಳೆಯುವ ವಾಲ್ವು ಕಿತ್ತು, ಹಳೇ ಸಾಮಾನಿನಲ್ಲಿದ್ದ ಕಂಪನಿ ವಾಲ್ವು ಹಾಕಿದೆ, ಗುದ್ದಿದಾಗ ಹೊಸದು ಒಡೆಯಿತು ಎಂದರಾಯಿತು. ಸೋರಿಕೆ ಇಲ್ಲ, ಏನಿಲ್ಲ. ಒಂದೇ ಸಲಕ್ಕೆ ಎಲ್ಲ ಕೂತಿತು. ಮೊದಲ ದಿನ ಬಾರದ ಕೈ ಆ ದಿನ ಬಂತು — ಇದನ್ನು ನೆನೆದರೆ ಇವತ್ತಿಗೂ ನನ್ನ ಕೈ ಮೇಲೆ ನನಗೇ ಅಸಹ್ಯ.

ಸಂಜೆ ಮಂಜ ತನ್ನ ಚಿಕ್ಕಪ್ಪನ ಮಗ ರಾಮಾಂಜಿಯ ಜೊತೆ ಬಂದ. "ಏನಾಗಿತ್ತಣ್ಣ?" ಎಂದು ಕೇಳಿದ.

ನಮ್ಮ ಕಡೆ ಗ್ಯಾರೇಜಿನವರಲ್ಲಿ ಒಂದು ಪದ್ಧತಿ ಇದೆ. ಗಾಡಿಯಲ್ಲಿ ಏನು ಕೆಟ್ಟರೂ ಆ ಭಾಗಕ್ಕೆ ಕೊನೆಗೆ ಕೈ ಹಾಕಿದವನು ಯಾರೋ ಅವನದೇ ಜವಾಬ್ದಾರಿ. ಅವನು ವಾದ ಮಾಡುವುದಿಲ್ಲ, ಗಿರಾಕಿ ಬೇರೆಯವರ ಹತ್ತಿರ ಹೋಗುವುದಿಲ್ಲ. ಯಾರೂ ಬರೆದಿಟ್ಟದ್ದಲ್ಲ, ಆದರೆ ಸಿರಾದಿಂದ ಪಾವಗಡದವರೆಗೆ ಎಲ್ಲರೂ ನಡೆಸಿಕೊಂಡು ಬಂದದ್ದು. ಆ ಪದ್ಧತಿಯನ್ನು ನಾನು ಹಿಡಿದುಕೊಂಡೆ. ಮಂಜ ಎರಡು ವಾರದ ಹಿಂದೆ ಸಿರಾದಲ್ಲಿ ದಸ್ತಗೀರ್ ಭಾಯ್ ಕೈಯಲ್ಲಿ ಬ್ರೇಕ್ ಪ್ಯಾಡು, ಆಯಿಲ್ಲು ಬದಲಾಯಿಸಿಕೊಂಡದ್ದು ನನಗೆ ಗೊತ್ತಿತ್ತು. ಅವನೇ ಹೇಳಿದ್ದ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೇಳಿದೆ —

"ಬ್ರೇಕಿಗೆ ಕೊನೇ ಕೈ ಯಾರ್ದು ಮಂಜ?"

ಅಷ್ಟೇ. ದಸ್ತಗೀರ್ ಎಂಬ ಹೆಸರನ್ನು ನಾನು ಎತ್ತಲಿಲ್ಲ. ಎಷ್ಟೋ ವರ್ಷ ಇದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಂಡೆ — ನಾನು ಯಾರ ಹೆಸರೂ ಹೇಳಲಿಲ್ಲವಲ್ಲ ಎಂದು. ಎಂಥ ಸಮಾಧಾನ ಅದು!

ಮಾರನೇ ದಿನ ಅವರಿಬ್ಬರೂ ಸಿರಾಕ್ಕೆ ಹೊರಟರು. ನನ್ನನ್ನೂ ಜೊತೆಗೆ ಕರೆದರು. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ.

ಅಂಗಡಿ ಮುಂದೆ ರಾಮಾಂಜಿ ಕೂಗಾಡಿದ. "ಏಮಯ್ಯಾ, ಬ್ರೇಕ್ ಮಾಡ್ತೀಯೋ ಮನುಷ್ರುನ್ನ ಸಾಯಿಸ್ತೀಯೋ? ಕಣ್ ಕಾಣ್ದಿದ್ರೆ ಮನೇಲ್ ಕೂತ್ಕೊ!"

ದಸ್ತಗೀರ್ ಭಾಯ್ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು. "ಪೆಡಲ್ ಹೆಂಗಾಗಿತ್ತು ಗಂಗಾ?"

ಮಂಜ ಪಕ್ಕದಲ್ಲೇ ಇದ್ದ. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಬ್ರೇಕ್ ಫೇಲ್ ಭಾಯ್. ಹಿಡೀಲೇ ಇಲ್ಲ."

ಫೇಲ್ ಅನ್ನುವ ಮಾತಿನಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಗಟ್ಟಿಯಾಗಿತ್ತೋ, ತಳಕ್ಕೆ ಹೋಯಿತೋ ಯಾರಿಗೂ ತಿಳಿಯುವುದಿಲ್ಲ. ಗಾಡಿ ನೋಡಬಹುದಾ ಎಂದು ಕೇಳಿದರು. ಎಲ್ಲಾ ಬಿಚ್ಚಿ ಹಾಕಿ ಆಗಿದೆ ಎಂದೆ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ, ಮಧುಗಿರಿವರೆಗೆ ಬಂದು ನೋಡುತ್ತಿದ್ದರು. ಹೇಳಿದವನು ನಾನು. ಅವರ ಕೈಯಲ್ಲಿ ಕಲಿತವನು. ನಂಬಿದರು.

ತಮ್ಮ ಎರಡೂ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. "ಮಾಫ್ ಮಾಡಪ್ಪ ಮಂಜಾ. ಎಲ್ಲೋ ಕೈ ತಪ್ಪೈತೆ. ವಯಸ್ಸಾಯ್ತು ಅಂತ ಕಾಣ್ತದೆ" ಎಂದರು.

ಆಮೇಲೆ ನರಸಪ್ಪನವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರಂತೆ. ಗೌಡಗೆರೆ, ಮದಲೂರು ಕಡೆಯಿಂದ ಬರುತ್ತಿದ್ದ ಗಾಡಿಗಳು ನಿಂತವು ಎಂದು ಕೇಳಿದೆ. ಆದರೆ ಅಂಗಡಿ ಮುಚ್ಚಿದ್ದು ಗಿರಾಕಿ ಬಾರದೆ ಅಲ್ಲ. ಬಂದ ನಾಲ್ಕಾರು ಜನರನ್ನೂ ಅವರೇ ವಾಪಸ್ ಕಳಿಸಿದರು. ಎರಡು ತಿಂಗಳಲ್ಲಿ ಬ್ರೇಕ್ ಕೆಲಸ ಪೂರ್ತಿ ಬಿಟ್ಟರು. ಅದೇ ಅಂಗಡಿಯಲ್ಲಿ ಸೀಟ್ ಕವರು, ಕಾಲಡಿಯ ಮ್ಯಾಟು ಮಾರಲು ಕೂತರು.

ನಾನು ಸಿರಾಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಹೋಗಲೇಬೇಕಾದಾಗ ಬೇರೆ ರಸ್ತೆಯಲ್ಲಿ ಹೋಗಿ ಬಂದೆ. ಏಳು ವರ್ಷ ಹೀಗೇ ಕಳೆದವು. ಹೇಳಬೇಕು ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನ್ನಿಸುತ್ತಿತ್ತು. ಅನ್ನಿಸಿದ ದಿನವೆಲ್ಲ ಕೆಲಸ ಜಾಸ್ತಿ ಮಾಡುತ್ತಿದ್ದೆ, ಅಷ್ಟೇ.

ಮೂರು ತಿಂಗಳ ಹಿಂದೆ ದಸ್ತಗೀರ್ ಭಾಯ್ ಯಾರದೋ ಮದುವೆಗೆಂದು ಮಧುಗಿರಿಗೆ ಬಂದವರು, ತಮ್ಮ ಮೊಪೆಡ್ಡು ತಳ್ಳಿಕೊಂಡು ನನ್ನ ಗ್ಯಾರೇಜಿಗೆ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಗಂಗಾ, ಹಿಂದಿನ್ ಬ್ರೇಕ್ ಸ್ವಲ್ಪ ಟೈಟ್ ಮಾಡ್ಕೊಡ್ಲಾ."

ಮೊಪೆಡ್ಡಿನ ಹಿಂದಿನ ಬ್ರೇಕ್ ಅಂದರೆ ಒಂದು ನಟ್ಟು. ಎರಡು ಸುತ್ತು ತಿರುಗಿಸಿದರೆ ಮುಗಿಯಿತು. ಹಾಲು ಹಾಕುವವರು, ಸೊಪ್ಪು ಮಾರುವವರು ತಾವೇ ತಿರುಗಿಸಿಕೊಳ್ಳುತ್ತಾರೆ.

"ನೀವೇ ತಿರುಗುಸ್ಕೊಂಡಿದ್ರೆ ಆಗ್ತಿತ್ತಲ್ಲ ಭಾಯ್" ಎಂದೆ.

"ಬೇಡ ಕಣ್ಲಾ. ನಾನ್ ಮುಟ್ಟಿದ್ ಬ್ರೇಕ್ ಮೇಲೆ ಮೊಮ್ಮಕ್ಳುನ್ನ ಕೂರ್ಸಕ್ಕೆ ಧೈರ್ಯ ಬರಲ್ಲ." ನಗುತ್ತಲೇ ಹೇಳಿದರು.

ನಟ್ಟು ಎರಡು ಸುತ್ತು ತಿರುಗಿಸಿ ಸ್ಪ್ಯಾನರ್ ಕೆಳಗಿಟ್ಟೆ. ಅಲ್ಲೇ ಹೇಳಿಬಿಟ್ಟೆ. ಮುರಿದ ಮೂತಿ, ಜಾಯಿಂಟು, ಕಾಗದ, ಕೊನೇ ಕೈ ಯಾರದೆಂದು ಕೇಳಿದ್ದು — ಎಲ್ಲವನ್ನೂ ತೊದಲುತ್ತ, ಹಿಂದುಮುಂದಾಗಿ ಹೇಳಿದೆ. ಕಪಾಳಕ್ಕೆ ಹೊಡೆಯುತ್ತಾರೆಂದು ಕಾದೆ.

ಅವರು ನನ್ನ ಬೆನ್ನು ಸವರಿದರು.

"ನಂಗೊತ್ತು ಕಣ್ಲಾ ನಿನ್ ಮನ್ಸು. ಮುದುಕಂಗೆ ಸಮಾಧಾನ ಆಗ್ಲಿ ಅಂತ ತಪ್ಪೆಲ್ಲಾ ತಲೆ ಮೇಲ್ ಹಾಕ್ಕೊಂತಾ ಇದೀಯ. ಇಷ್ಟ್ ದೊಡ್ ಮನ್ಸು ಬೇಡ್ಲಾ, ಬುಡು."

"ಇಲ್ಲ ಭಾಯ್, ನಿಜ! ಪೆಡಲ್ ಕಲ್ಲಾಗಿತ್ತು!"

"ಅವತ್ ಫೇಲ್ ಅಂದೆ. ಇವತ್ ಕಲ್ಲು ಅಂತೀಯ." ನಕ್ಕರು. "ಸುಳ್ ಹೇಳಾದ್ ಕಲೀಲಿಲ್ಲ ನೋಡು ನೀನು."

ಮೊಪೆಡ್ಡು ಹತ್ತಿ ಹೋದರು. ನಾನು ಬಿಗಿಮಾಡಿದ ಬ್ರೇಕನ್ನು ನಂಬಿಕೊಂಡು.

ಅವತ್ತು ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಹೇಳಲು ಏಳು ವರ್ಷ ಬೇಕಾಯಿತು, ಹೇಳಿದರೆ ನಂಬುವವರಿಲ್ಲ! ನಾನು ಹೇಳಿದ ಸುಳ್ಳನ್ನು ಅರೆಗಳಿಗೆಯಲ್ಲಿ ನಂಬಿದ ಮನುಷ್ಯ ನಿಜವನ್ನು ನಂಬುತ್ತಿಲ್ಲ. ಮೇಲಿಂದ ನನ್ನನ್ನು ಒಳ್ಳೆಯವನು ಅಂದುಕೊಂಡು ಹೋದರು. ಕಾರನ್ನಾದರೂ ತೋರಿಸೋಣವೆಂದರೆ ಮಂಜ ಅದನ್ನು ಯಾವತ್ತೋ ಆಂಧ್ರದ ಕಡೆಯವರಿಗೆ ಮಾರಿದ್ದ. ಎಲ್ಲಿದೆಯೋ ಗೊತ್ತಿಲ್ಲ. ಉಳಿದಿದ್ದದ್ದು ಮಂಜನ ಬಾಯಿ ಒಂದೇ.

ಕ್ಯಾತಗಾನಚೆರ್ಲಿಗೆ ಹೋದೆ. ಮಂಜನಿಗೆ ಈಗ ಎರಡು ಮಕ್ಕಳು. ನರಸಪ್ಪನವರು ಕೋಲು ಪಕ್ಕಕ್ಕಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಇಬ್ಬರ ಎದುರಿಗೂ ಹೇಳಿದೆ. ಮಂಜ ಎದ್ದು ಬಂದು ನನ್ನ ಕಾಲರ್ ಹಿಡಿದ. ಹಿಡಿದವನು ಏನೂ ಮಾಡದೆ ಬಿಟ್ಟ. "ಆ ಸಾಬ್ರುನ್ನ ನಾನ್ ಎಷ್ಟ್ ಬೈದಿದೀನಿ ಗೊತ್ತೇನಣ್ಣ... ಎಲ್ಲೆಲ್ಲಿ ಬೈದಿದೀನಿ..." ಎಂದು ಅಲ್ಲೇ ಕುಸಿದು ಕೂತ.

ನರಸಪ್ಪನವರು ಬೈಯಲಿಲ್ಲ. ಕಾಲಿನ ಮಾತೂ ಎತ್ತಲಿಲ್ಲ. ಕೋಲನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. "ಆಯನ, ಆ ಸಾಬ್ರು, ಆಸ್ಪತ್ರೆಗೆ ಮೂರ್ ಸಲ ಬಂದಿದ್ರು. ನಾನು ಮುಖ ಗೋಡೆ ಕಡೆ ತಿರುಗುಸ್ಕೊಂಡಿದ್ದೆ. ನೀನು ಒಂದ್ಸಲನೂ ರಾಲೇದು, ಗಂಗಾಧರಾ."

ಹೌದು. ಒಂದು ಸಲವೂ ಹೋಗಿರಲಿಲ್ಲ.

ಮುಂದಿನ ಭಾನುವಾರ ಮಂಜ ನನ್ನ ಜೊತೆ ಸಿರಾಕ್ಕೆ ಬಂದ. ದಸ್ತಗೀರ್ ಭಾಯ್ ಸೀಟ್ ಕವರುಗಳನ್ನು ಮಡಚಿಡುತ್ತಿದ್ದರು. ಮಂಜನನ್ನು ಕಂಡು ಎದ್ದು ನಿಂತರು. ಬೈಯಲು ಬಂದಿದ್ದಾನೆಂದುಕೊಂಡರೋ ಏನೋ, ತಲೆ ತಗ್ಗಿಸಿದರು. ಮಂಜ ಯಾವ ಪೀಠಿಕೆಯೂ ಇಲ್ಲದೆ ಹೇಳಿದ.

"ಸಾಬ್ರೇ, ಅವತ್ತು ಪೆಡಲ್ ಕಲ್ಲಾಗಿತ್ತು. ಒಂದ್ ಕಿತ ಹಿಡೀತು, ಆಮ್ಯಾಕೆ ಎದ್ ನಿಂತ್ಕಂಡ್ ತುಳುದ್ರೂ ಇಳೀಲಿಲ್ಲ. ನೀವ್ ಕೇಳಿದ್ರಿ. ನಾನ್ ಹೇಳಾದ್ರೊಳ್ಗೆ ಇವ್ನು ಹೇಳ್ಬುಟ್ಟ."

ಭಾಯ್ ಕೈಯಲ್ಲಿದ್ದ ಕವರನ್ನು ಕೆಳಗಿಟ್ಟರು. "ಒಂದ್ ಕಿತ ಹಿಡೀತಾ?"

"ಹಿಡೀತು."

"ತಳಕ್ಕೆ ಹೋಗ್ಲಿಲ್ಲ?"

"ಇಲ್ಲ. ಕಲ್ಲು."

ಅವರು ಸ್ಟೂಲಿನ ಮೇಲೆ ಕೂತರು. ಬಲಗಾಲನ್ನು ಮುಂದೆ ಚಾಚಿ ಒಂದು ಸಲ, ಎರಡು ಸಲ, ನೆಲವನ್ನು ತುಳಿದರು — ಅಲ್ಲಿ ಪೆಡಲು ಇದ್ದ ಹಾಗೆ. ಆಮೇಲೆ ಮುಖ ಎತ್ತಿ ನನ್ನನ್ನು ನೋಡಿದರು. ನಗು ಇರಲಿಲ್ಲ.

"ಆಗಿದ್ರೆ ನಂದಲ್ಲ."

"ನಿಮ್ದಲ್ಲ ಭಾಯ್."

"ಏಳ್ ವರ್ಷ ಕಣ್ಲಾ. ದಿನಾ ಮಲಗೋವಾಗ ಯೋಚ್ನೆ — ಯಾವ್ ನಟ್ ಬುಟ್ಟೆ, ಎಲ್ ಗಾಳಿ ಬುಟ್ಟೆ ಅಂತ. ಒಂದೊಂದ್ ವೀಲೂ ತಲೇಲೇ ಬಿಚ್ಚಿ ಬಿಚ್ಚಿ ಹಾಕಿದೀನಿ. ನನ್ ಹೆಂಡ್ತಿ ಸಾಯೋವಾಗ್ಲೂ ಕೇಳುದ್ಲು, ಏನ್ ತಪ್ ಮಾಡಿದ್ರಿ ಅವತ್ತು ಅಂತ. ಗೊತ್ತಿಲ್ಲ ಅಂದೆ." ನನ್ನ ಕಡೆ ಬೆರಳು ತೋರಿಸಿದರು. "ನಿಂಗ್ ಗೊತ್ತಿತ್ತು."

ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಹೋಗು. ಮಂಜಾ, ನೀನ್ ಕೂತ್ಕೊಪ್ಪ, ಚಾ ಕುಡ್ಕೊಂಡ್ ಹೋಗು. ನೀನು ಹೋಗು ಗಂಗಾಧರ. ಇನ್ ಮೇಲೆ ಈ ಮೆಟ್ಲು ಹತ್ಬೇಡ."

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಆ ಮೆಟ್ಟಿಲು ಮತ್ತೆ ಹತ್ತಿಲ್ಲ. ಅವರು ಮತ್ತೆ ಬ್ರೇಕ್ ಕೆಲಸಕ್ಕೆ ಕೈ ಹಾಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಂಜನನ್ನು ಕೇಳಬಹುದು, ಕೇಳಿಲ್ಲ. ಕೇಳುವ ಹಕ್ಕು ನನಗಿದೆ ಅನ್ನಿಸುವುದಿಲ್ಲ.

ನನ್ನ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ನಿಲ್ಲಿಸಿದ್ದೇನೆ. ಬ್ರೇಕಿಗೆಂದು ಬಂದವರಿಗೆ ಏಕೆ ನಿಲ್ಲಿಸಿದೆ ಎಂದು ಹೇಳುತ್ತೇನೆ. ಸಿರಾದ ದಸ್ತಗೀರ್ ಭಾಯ್ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು ಹೇಳಿದರೆ ಸಾಕಾಗುವುದಿಲ್ಲ, ಜನ 'ಓ ಹೌದಾ' ಎಂದು ಮರೆಯುತ್ತಾರೆ. ಅದಕ್ಕೆ ಮೊದಲಿಂದ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ನನಗೆ ತಲೆ ಕೆಟ್ಟಿದೆ ಎಂದುಕೊಂಡು ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ. ನಿನ್ನೆ ಕೊರಟಗೆರೆಯ ಒಬ್ಬರು ಬಂದಿದ್ದರು, ತುಂಬ ಅವಸರದಲ್ಲಿದ್ದರು. ಅರ್ಧಕ್ಕೇ ನನ್ನ ಮಾತು ತಡೆದು, "ಅದೆಲ್ಲಾ ಕಟ್ಕೊಂಡ್ ನಂಗೇನಾಗ್ಬೇಕಣ್ಣ? ಬ್ರೇಕ್ ನೋಡ್ತೀಯೋ ಇಲ್ವೋ?" ಎಂದು ರೇಗಿದರು.

ನೋಡುವುದಿಲ್ಲ ಎಂದೆ. ಉಳಿದರ್ಧವನ್ನೂ ಹೇಳಿ ಮುಗಿಸಿದೆ.